ಗೋಡೆಯ ಪಕ್ಕದ ಅಚ್ಚುಕೂಟ

ಬೆಳಿಗ್ಗೆ ಕಾಫಿಯ ಲೋಟದೊಡನೆ ದಿನಪತ್ರಿಕೆಯನ್ನು ಕೈಗೆತ್ತಿಕೊಳ್ಳುವ ನಾವು, ನಿನ್ನೆ ನಡೆದದ್ದನ್ನು ತಿಳಿದುಕೊಳ್ಳುತ್ತಿದ್ದೇವೆ ಎಂದು ಭಾವಿಸುತ್ತೇವೆ. ನಿಜವಾಗಿ ನಮಗೆ ದೊರೆಯುವುದು ನಿನ್ನೆ ನಡೆದದ್ದನ್ನು ಕುರಿತು ಯಾರೋ ಬರೆದ ಕೆಲವು ವಾಕ್ಯಗಳು. ಮಳೆ ಬಂದದ್ದು, ಬೆಲೆ ಏರಿದ್ದು, ಪಂದ್ಯ ಗೆದ್ದದ್ದು ಇವುಗಳ ವಿಷಯದಲ್ಲಿ ಈ ವ್ಯತ್ಯಾಸದಿಂದ ಅಂಥ ಬಾಧೆಯೇನೂ ಇಲ್ಲ. ಆದರೆ ಜನ ಎರಡು ಪಾಳೆಯವಾಗಿ, ಒಂದು ಪಾಳೆಯದವರು ಬೀದಿಗಿಳಿದು, ಕಲ್ಲು ಬಿದ್ದು, ಗುಂಡು ಹಾರಿ, ಒಂದು ಹೆಣ ನೆಲಕ್ಕೆ ಬಿದ್ದ ಮರುದಿನ, ಆ ವಾಕ್ಯಗಳ ಮೇಲೆ ಬಹಳ ಭಾರ ಬೀಳುತ್ತದೆ. ಅವುಗಳಲ್ಲಿ ಒಂದು ಪದ ಆಚೀಚೆಯಾದರೂ ಮುಂದಿನ ಹೆಣಕ್ಕೆ ಅದು ದಾರಿಯಾಗಬಹುದು. ಇದು ಬರಿಯ ತರ್ಕದ ಮಾತಲ್ಲ. ಇಪ್ಪತ್ತನೆಯ ಶತಮಾನದಲ್ಲಿ, ಅಕ್ಷರಶಃ ಎರಡಾಗಿ ಒಡೆದಿದ್ದ ಒಂದು ದೇಶದಲ್ಲಿ, ಅಕ್ಷರಶಃ ಎರಡಾಗಿ ಒಡೆದಿದ್ದ ಒಂದು ನಗರದಲ್ಲಿ ಹೀಗೆ ನಡೆದುಹೋಯಿತು. ಆ ಕತೆಯ ಒಂದು ಮುಖ್ಯ ಸಂಗತಿ ಬೆಳಕಿಗೆ ಬಂದದ್ದು ನಲವತ್ತೆರಡು ವರ್ಷಗಳ ಮೇಲೆ. ಆದ್ದರಿಂದ ಅದನ್ನು ಮೊದಲಿನಿಂದ ಇನ್ನೊಮ್ಮೆ ಓದಿಕೊಳ್ಳುವುದು ಅನುಚಿತವಾಗದು.

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನು ಗೆದ್ದವರು ಹಂಚಿಕೊಂಡರು. ೧೯೪೯ರಲ್ಲಿ ಅದು ಎರಡು ರಾಜ್ಯಗಳಾಯಿತು: ಪಶ್ಚಿಮದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸುಗಳ ಆಶ್ರಯದ ಗಣರಾಜ್ಯ, ಪೂರ್ವದಲ್ಲಿ ಸೋವಿಯತ್ ರಷ್ಯದ ಆಶ್ರಯದ ಕಮ್ಯೂನಿಸ್ಟ್ ಗಣರಾಜ್ಯ. ಪೂರ್ವ ಜರ್ಮನಿಯ ಹೊಟ್ಟೆಯೊಳಗೆ ಬರ್ಲಿನ್ ನಗರವಿತ್ತು. ಅದರ ಪಶ್ಚಿಮಾರ್ಧ ಮಾತ್ರ ನಡುಗಡ್ಡೆಯಂತೆ ಪಶ್ಚಿಮದವರ ವಶದಲ್ಲಿ ಉಳಿಯಿತು. ೧೯೪೮ರ ಜೂನಿನಲ್ಲಿ ರಷ್ಯನರು ಆ ನಡುಗಡ್ಡೆಗೆ ಹೋಗುವ ರಸ್ತೆ, ರೈಲು, ಜಲಮಾರ್ಗಗಳನ್ನೆಲ್ಲ ಮುಚ್ಚಿದಾಗ, ಸುಮಾರು ಹನ್ನೊಂದು ತಿಂಗಳು ವಿಮಾನಗಳ ಮೂಲಕವೇ ಅಲ್ಲಿನ ಜನಕ್ಕೆ ಹಿಟ್ಟು, ಹಾಲಿನ ಪುಡಿ, ಕಲ್ಲಿದ್ದಲು ಬಂದುವು. ೧೯೬೧ರ ಆಗಸ್ಟ್ ೧೩ರಂದು ಪೂರ್ವದ ಸರ್ಕಾರ ನಗರದ ನಡುವೆ ಮುಳ್ಳುತಂತಿ ಎಳೆಯಿತು. ಬಳಿಕ ಅದು ಗೋಡೆಯಾಯಿತು. ಮರುವರ್ಷ ಆಗಸ್ಟಿನಲ್ಲಿ ಪೀಟರ್ ಫೆಖ್ಟರ್ ಎಂಬ ಹದಿನೆಂಟು ವರ್ಷದ ಹುಡುಗ ಅದನ್ನು ದಾಟಲು ಹೋಗಿ ಪೂರ್ವದ ಕಾವಲುಗಾರರ ಗುಂಡು ತಿಂದು, ಗೋಡೆಯ ಬುಡದಲ್ಲಿ ನರಳುತ್ತ ರಕ್ತ ಸೋರಿ ಸತ್ತ. ಪಶ್ಚಿಮದ ಜನ ಗೋಡೆಯ ಈಚೆ ನಿಂತು ಆ ನರಳಾಟವನ್ನು ಕೇಳಿದರು. ಪಶ್ಚಿಮ ಬರ್ಲಿನ್ನಿನ ನಾಗರಿಕರ ಮನಸ್ಸನ್ನು ಅರಿಯಬೇಕಾದರೆ ಈ ವಿಮಾನಗಳನ್ನೂ ಈ ಗೋಡೆಯನ್ನೂ ಮರೆಯಬಾರದು. ಅಮೆರಿಕನರನ್ನು ಬೈಯುವವನು ಅವರ ಕಣ್ಣಿಗೆ ಉಂಡ ಮನೆಗೆ ಎರಡೆಣಿಸುವವನಂತೆ ಕಂಡದ್ದು ಆಶ್ಚರ್ಯವಲ್ಲ.

ಒಡೆದ ದೇಶದಲ್ಲಿ ಪತ್ರಿಕೆಯೂ ಒಡೆಯುತ್ತದೆ ಎಂಬುದಕ್ಕೆ ಮೊದಲ ಸಾಕ್ಷ್ಯ ದೊರೆತದ್ದು ಪೂರ್ವದಲ್ಲಿ. ೧೯೫೩ರ ಜೂನ್ ೧೭ರಂದು ಪೂರ್ವ ಬರ್ಲಿನ್ನಿನ ಕಟ್ಟಡ ಕೆಲಸಗಾರರು ಮೊದಲುಮಾಡಿದ ಮುಷ್ಕರ ದೇಶವ್ಯಾಪಿ ದಂಗೆಯಾಯಿತು. ಸೋವಿಯತ್ ಟ್ಯಾಂಕುಗಳು ಅದನ್ನು ತುಳಿದು ಹಾಕಿದುವು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಳುವ ಪಕ್ಷದ ಮುಖವಾಣಿಯಾಗಿದ್ದ ‘ನೊಯೆಸ್ ಡಾಯ್ಚ್‌ಲಾಂಡ್’ ಪತ್ರಿಕೆಗೆ ಅಲ್ಲಿ ಕಂಡವರು ಹೆಚ್ಚು ಕೆಲಸಕ್ಕೆ ಕಡಿಮೆ ಕೂಲಿಯೆಂದು ದಣಿದ ಗಾರೆಯವರಲ್ಲ. ಪಶ್ಚಿಮದಿಂದ ನುಸುಳಿ ಬಂದ ಫ್ಯಾಸಿಸ್ಟ್ ಗೂಢಚಾರರು. ಪಶ್ಚಿಮವಾದರೋ ಅದೇ ದಿನವನ್ನು ಜನತೆಯ ಬಂಡಾಯವೆಂದು ಕರೆದು, ರಾಷ್ಟ್ರೀಯ ರಜಾದಿನವನ್ನಾಗಿ ಮಾಡಿ, ಬರ್ಲಿನ್ನಿನ ಒಂದು ದೊಡ್ಡ ಬೀದಿಗೆ ಆ ತಾರೀಖಿನ ಹೆಸರನ್ನೇ ಇಟ್ಟಿತು. ಈ ಸಂದರ್ಭದಲ್ಲಿ ಪಶ್ಚಿಮದ ಮಾತೇ ಸತ್ಯಕ್ಕೆ ಹತ್ತಿರವಾಗಿತ್ತು. ಆದರೆ ಎದುರು ಮನೆಯವನ ಸುಳ್ಳನ್ನು ಸರಿಯಾಗಿ ಗುರುತಿಸಿದವನಿಗೆ ತನ್ನ ಮನೆಯಲ್ಲಿ ಸುಳ್ಳು ಹುಟ್ಟಲಾರದೆಂಬ ಒಂದು ಧೈರ್ಯ ಬಂದುಬಿಡುತ್ತದೆ. ಅದು ಅಪಾಯದ ಧೈರ್ಯ.

ಪಶ್ಚಿಮದಲ್ಲಿ ಪತ್ರಿಕೆಗಳಿಗೆ ಸರ್ಕಾರದ ಅಂಕುಶವಿರಲಿಲ್ಲ. ಅಲ್ಲಿ ಬೇರೊಂದು ಬಗೆಯ ಏಕಸ್ವಾಮ್ಯ ಬೆಳೆಯಿತು. ಹ್ಯಾಂಬರ್ಗಿನ ಬಳಿಯ ಆಲ್ಟೋನದಲ್ಲಿ ೧೯೧೨ರಲ್ಲಿ ಹುಟ್ಟಿದ ಆಕ್ಸೆಲ್ ಸ್ಪ್ರಿಂಗರ್ ೧೯೫೨ರಲ್ಲಿ ‘ಬಿಲ್ಡ್’ ಎಂಬ ಅಗ್ಗದ ದಿನಪತ್ರಿಕೆಯನ್ನು ಆರಂಭಿಸಿದ. ಹೆಸರಿನ ಅರ್ಥ ‘ಚಿತ್ರ’ ಎಂದು. ದೊಡ್ಡ ಅಕ್ಷರ, ಚಿಕ್ಕ ವಾಕ್ಯ, ದೊಡ್ಡ ಭಾವೋದ್ರೇಕ ಇವು ಅದರ ಬಂಡವಾಳ. ೧೯೬೦ರ ದಶಕದ ನಡುವಿನ ವೇಳೆಗೆ ಅದು ದಿನಕ್ಕೆ ನಲವತ್ತು ಲಕ್ಷಕ್ಕೂ ಮೀರಿ ಖರ್ಚಾಗುತ್ತಿತ್ತು. ಪಶ್ಚಿಮ ಬರ್ಲಿನ್ನಿನಲ್ಲಿ ‘ಬೆರ್ಲಿನರ್ ಮೋರ್ಗನ್‌ಪೋಸ್ಟ್’, ‘ಬಿ.ಝಡ್.’ ಮೊದಲಾದುವೂ ಅವನವೇ ಆಗಿದ್ದು, ಆ ನಗರದಲ್ಲಿ ಮಾರಾಟವಾಗುತ್ತಿದ್ದ ದಿನಪತ್ರಿಕೆಗಳಲ್ಲಿ ಹೆಚ್ಚುಕಡಮೆ ಮೂರರಲ್ಲಿ ಎರಡು ಪಾಲು ಅವನ ಅಚ್ಚುಕೂಟದಿಂದ ಬರುತ್ತಿತ್ತು. ಸ್ಪ್ರಿಂಗರನನ್ನು ಬರಿಯ ವ್ಯಾಪಾರಿ ಎನ್ನಲಾಗದು. ಜರ್ಮನಿ ಮತ್ತೆ ಒಂದಾಗಬೇಕೆಂದು ಅವನು ಮನಸಾರ ನಂಬಿದ್ದ. ಯಹೂದ್ಯರೊಡನೆ ಜರ್ಮನರು ರಾಜಿಯಾಗಬೇಕೆಂಬುದು ಅವನ ಪತ್ರಿಕೆಗಳ ಘೋಷಿತ ನೀತಿಯಾಗಿತ್ತು. ತನ್ನ ಹತ್ತೊಂಬತ್ತು ಅಂತಸ್ತಿನ ಕಟ್ಟಡವನ್ನು ಅವನು ಬೇಕೆಂದೇ ಕೋಖ್ ಬೀದಿಯಲ್ಲಿ, ಗೋಡೆಗೆ ಒತ್ತಿಕೊಂಡಂತೆ, ಪೂರ್ವದವರ ಕಣ್ಣಿಗೆ ಕುಕ್ಕುವಂತೆ ಎಬ್ಬಿಸಿದ. ೧೯೬೬ರಲ್ಲಿ ಅದರ ಪ್ರಾರಂಭೋತ್ಸವವಾಯಿತು. ಪೂರ್ವ ಜರ್ಮನಿಯ ಅಧಿಕೃತ ಹೆಸರಿನ ಮೊದಲಕ್ಷರಗಳನ್ನು ಅವನ ಪತ್ರಿಕೆಗಳು ಸದಾ ಉದ್ಧರಣ ಚಿಹ್ನೆಗಳ ನಡುವೆಯೇ ಅಚ್ಚುಮಾಡುತ್ತಿದ್ದುವು. ಅಂಥದೊಂದು ರಾಜ್ಯವೇ ಇಲ್ಲ ಎಂಬ ಭಾವ. ೧೯೮೯ರ ಆಗಸ್ಟಿನವರೆಗೂ ಈ ಪದ್ಧತಿ ನಡೆಯಿತು. ಒಂದು ಚಿಹ್ನೆಯಿಂದ ಒಂದು ದೇಶವನ್ನು ಅಳಿಸಬಹುದೆಂದು ನಂಬಿದವರಿಗೆ, ಒಂದು ವಿಶೇಷಣದಿಂದ ಒಬ್ಬ ಮನುಷ್ಯನನ್ನು ಅಳಿಸುವುದು ಕಷ್ಟವಾಗಲಿಲ್ಲ.

ಆ ವಿಶೇಷಣಗಳಿಗೆ ಗುರಿಯಾದವರು ವಿದ್ಯಾರ್ಥಿಗಳು. ೧೯೪೮ರಲ್ಲಿ ಪೂರ್ವದ ದಬ್ಬಾಳಿಕೆಗೆ ಪ್ರತಿಯಾಗಿ ಅಮೆರಿಕನರ ವಿಭಾಗದಲ್ಲಿ ಸ್ಥಾಪಿತವಾಗಿದ್ದ ‘ಸ್ವತಂತ್ರ ವಿಶ್ವವಿದ್ಯಾನಿಲಯ’ದಲ್ಲಿಯೇ ವಿಯಟ್ನಾಂ ಯುದ್ಧದ ವಿರುದ್ಧ ಕೂಗೆದ್ದಿತು. ತಮ್ಮ ತಂದೆಯರು ಹಿಟ್ಲರನ ಕಾಲದಲ್ಲಿ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯನ್ನೂ ಆ ತರುಣರು ಕೇಳತೊಡಗಿದ್ದರು. ೧೯೬೭ರ ಏಪ್ರಿಲ್‌ನಲ್ಲಿ ಅಮೆರಿಕದ ಉಪಾಧ್ಯಕ್ಷ ಹೂಬರ್ಟ್ ಹಂಫ್ರಿ ಬರ್ಲಿನ್ನಿಗೆ ಬರುವ ಮುನ್ನಾದಿನ, ಕೆಲವು ತುಂಟ ತರುಣರು ಅವನ ಮೇಲೆ ಎಸೆಯಬೇಕೆಂದು ಸಿದ್ಧಪಡಿಸಿಕೊಂಡಿದ್ದ ಸಾಮಗ್ರಿಯನ್ನು ಪೊಲೀಸರು ಹಿಡಿದರು. ಮರುದಿನದ ಪತ್ರಿಕೆಗಳಲ್ಲಿ ಅದು ಬಾಂಬು. ಒಂದು ಪತ್ರಿಕೆಯಲ್ಲಂತೂ ಪೀಕಿಂಗಿನಿಂದ ಬಂದ ಸಿಡಿಮದ್ದು. ಪರೀಕ್ಷಿಸಿ ನೋಡಿದಾಗ ಅದು ಪುಡ್ಡಿಂಗು, ಮೊಸರು, ಹಿಟ್ಟು. ಪೊಲೀಸರು ಹಿಡಿದವರನ್ನು ಬಿಟ್ಟುಬಿಟ್ಟರು. ನಗರ ನಕ್ಕಿತು. ಆದರೆ ಬಾಂಬೆಂಬ ಮಾತು ದಪ್ಪಕ್ಷರದಲ್ಲಿ ಬಂದಿತ್ತು. ನಗು ಬಂದದ್ದು ಸಣ್ಣಕ್ಷರದಲ್ಲಿ. ವಿದ್ಯಾರ್ಥಿಯೆಂದರೆ ಕೈಯಲ್ಲಿ ಬಾಂಬು, ಜೇಬಿನಲ್ಲಿ ಪೂರ್ವದ ಹಣ ಎಂಬ ಚಿತ್ರ ಎಷ್ಟೋ ಮನೆಗಳಲ್ಲಿ ಹಾಗೆಯೇ ನಿಂತುಬಿಟ್ಟಿತು.

ಎರಡು ತಿಂಗಳೊಳಗಾಗಿ, ಜೂನ್ ೨ರಂದು, ಇರಾನಿನ ಷಾ ಮಹಮ್ಮದ್ ರೆಜಾ ಪಹ್ಲವಿ ತನ್ನ ರಾಣಿಯೊಡನೆ ಬರ್ಲಿನ್ನಿಗೆ ಬಂದ. ಅವನ ನಿರಂಕುಶ ಆಡಳಿತವನ್ನು ಖಂಡಿಸುವುದಕ್ಕಾಗಿ ಮಧ್ಯಾಹ್ನ ಶ್ಯೋನೆಬೆರ್ಗ್ ಪುರಭವನದ ಮುಂದೆ ಪ್ರದರ್ಶಕರು ಸೇರಿದರು. ಷಾನ ಪರವಾಗಿ ಜಯಕಾರ ಹಾಕಲು ತಂದಿದ್ದ ಇರಾನೀಯರ ತಂಡವೊಂದು ಮರದ ಪಟ್ಟಿಗಳಿಂದ ಅವರನ್ನು ಹೊಡೆಯತೊಡಗಿದಾಗ ಪೊಲೀಸರು ಸಾಕಷ್ಟು ಹೊತ್ತು ನೋಡುತ್ತ ನಿಂತರು. ಸಂಜೆ ಷಾ ಸಂಗೀತ ನಾಟಕಶಾಲೆಗೆ ಮೊಟ್ಸಾರ್ಟನ ‘ಮಾಯಾ ಕೊಳಲು’ ನೋಡಲು ಹೋದ. ಹೊರಗೆ ನೆರೆದಿದ್ದವರು ಟೊಮೇಟೊ, ಮೊಟ್ಟೆ, ಹೊಗೆಯುಂಡೆಗಳನ್ನು ಎಸೆದರು, ಕಲ್ಲುಗಳೂ ಬಿದ್ದುವು. ಅತಿಥಿಗಳು ಒಳಗೆ ಹೋದ ಮೇಲೆ, ಗುಂಪು ಚದುರಬೇಕಾದ ಹೊತ್ತಿನಲ್ಲಿ, ಲಾಠಿಗಳು ಎದ್ದುವು. ಉದ್ದಕ್ಕೆ ನಿಂತಿದ್ದ ಜನರ ಸಾಲಿನ ನಡುವೆ ನುಗ್ಗಿ ಎರಡು ತುದಿಗಳಿಂದಲೂ ಅವರು ಹೊರಚೆಲ್ಲುವಂತೆ ಮಾಡುವುದು ಪೊಲೀಸ್ ಮುಖ್ಯಾಧಿಕಾರಿ ಡ್ಯೂನ್ಸಿಂಗನ ಉಪಾಯ. ಮಾಂಸ ತುಂಬಿದ ಕರುಳನ್ನು ನಡುವೆ ಒತ್ತಿದರೆ ತುದಿ ಒಡೆಯುತ್ತದಲ್ಲ, ಹಾಗೆ ಎಂದು ಅವನೇ ಉಪಮಾನವನ್ನೂ ಕೊಟ್ಟಿದ್ದ. ಅದೇ ಹೊತ್ತಿಗೆ, ಪ್ರದರ್ಶಕರು ಒಬ್ಬ ಪೊಲೀಸನನ್ನು ಇರಿದು ಕೊಂದರು ಎಂಬ ಸುದ್ದಿಯನ್ನು ಪೊಲೀಸರ ಧ್ವನಿವರ್ಧಕಗಳೇ ಸಾರಿದುವು. ಯಾವ ಪೊಲೀಸನೂ ಸತ್ತಿರಲಿಲ್ಲ.

ಓಡುವವರನ್ನು ಅಟ್ಟಿಸಿಕೊಂಡು ಹೋದಾಗ, ಹತ್ತಿರದ ಕ್ರುಮ್ಮೆ ಬೀದಿಯ ಒಂದು ಮನೆಯ ಅಂಗಳದಲ್ಲಿ ಬೆನ್ನೊ ಓನೆಸೋರ್ಗ್ ಎಂಬ ಇಪ್ಪತ್ತಾರು ವರ್ಷದ ವಿದ್ಯಾರ್ಥಿಯ ತಲೆಗೆ ಹಿಂದಿನಿಂದ ಗುಂಡು ತಗುಲಿತು. ಸಾಹಿತ್ಯದ ವಿದ್ಯಾರ್ಥಿ. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ, ಹೆಂಡತಿ ಗರ್ಭಿಣಿ. ಗುಂಡು ಹಾರಿಸಿದವನು ಮಫ್ತಿಯಲ್ಲಿದ್ದ ಕಾರ್ಲ್-ಹೈನ್ಸ್ ಕುರ್ರಾಸ್ ಎಂಬ ಪೊಲೀಸ್ ಅಧಿಕಾರಿ. ನೆಲದ ಮೇಲೆ ಬಿದ್ದವನ ತಲೆಯನ್ನು ಎತ್ತಿ ಹಿಡಿದು ಸಹಾಯಕ್ಕಾಗಿ ಮುಖವೆತ್ತಿದ ತರುಣಿಯೊಬ್ಬಳ ಛಾಯಾಚಿತ್ರ ಆ ರಾತ್ರಿಯ ಗುರುತಾಗಿ ಲೋಕದಲ್ಲೆಲ್ಲ ಹರಡಿತು.

ಇನ್ನು ಮರುದಿನದ ಪತ್ರಿಕೆ. ‘ಬಿಲ್ಡ್’ ಬರೆದುದರ ಭಾವ ಇದು: ನಿನ್ನೆ ಬರ್ಲಿನ್ನಿನಲ್ಲಿ ಒಬ್ಬ ತರುಣ ಸತ್ತ, ರಾಜಕೀಯ ಪುಂಡರು ಏರ್ಪಡಿಸಿದ ಗಲಭೆಗೆ ಅವನು ಬಲಿಯಾದ. ‘ಬಿ.ಝಡ್.’ ಬರೆದುದರ ಭಾವ: ಭಯೋತ್ಪಾತವನ್ನು ಬೆಳೆಯುವವರು ಕಾಠಿಣ್ಯದ ಬೆಲೆಯನ್ನೂ ತೆರಬೇಕು. ವ್ಯಾಕರಣ ಪಾಠ ಹೇಳುವ ನನ್ನಂಥವನಿಗೆ ಆ ಮೊದಲ ವಾಕ್ಯ ಬಹಳ ಹೊತ್ತು ಯೋಚನೆಗೆ ಹಚ್ಚಿತು. ಅದರಲ್ಲಿ ಸುಳ್ಳೆನ್ನುವಂಥ ಪದ ಹುಡುಕಿದರೂ ಸುಲಭವಾಗಿ ಸಿಕ್ಕದು. ಒಬ್ಬ ತರುಣ ಸತ್ತದ್ದು ನಿಜ, ಗಲಭೆಯಾದದ್ದೂ ನಿಜ. ಇಲ್ಲದಿರುವುದು ಒಂದೇ: ಕರ್ತೃ. ಗುಂಡು ಹಾರಿಸಿದ ಕೈ ವಾಕ್ಯದೊಳಗೆ ಬರಲೇ ಇಲ್ಲ. ಅದು ಇರಬೇಕಾಗಿದ್ದ ಜಾಗದಲ್ಲಿ ‘ಗಲಭೆ’ ಬಂದು ಕುಳಿತಿದೆ. ಗಲಭೆಗೆ ಮಾತ್ರ ಕರ್ತೃ ಸಿಕ್ಕಿದ್ದಾನೆ, ಪುಂಡ. ಇಂಥ ರಚನೆ ಜರ್ಮನರ ಸ್ವತ್ತೇನೂ ಅಲ್ಲ. ನಮ್ಮ ಪತ್ರಿಕೆಗಳಲ್ಲಿಯೂ ‘ಗೋಲಿಬಾರ್ ಆಯಿತು’, ‘ಲಾಠಿ ಪ್ರಹಾರ ನಡೆಯಿತು’ ಎಂದು ಓದುತ್ತೇವೆ, ಮಳೆ ಆಯಿತು, ಜಾತ್ರೆ ನಡೆಯಿತು ಎಂಬಷ್ಟು ಸಹಜವಾಗಿ. ಕಲ್ಲು ತೂರಾಟಕ್ಕೆ ಮಾತ್ರ ಬಹುಮಟ್ಟಿಗೆ ಕರ್ತೃ ಇದ್ದೇ ಇರುತ್ತಾನೆ.

ಆ ವಾಕ್ಯವನ್ನು ನಂಬಿದವರಲ್ಲಿ ನಗರದ ಮೇಯರ್ ಹೈನ್ರಿಶ್ ಆಲ್ಬರ್ಟ್ಸನೂ ಒಬ್ಬ. ಮೂಲತಃ ಆತ ಪಾದ್ರಿ, ನಾಜಿ ಸರ್ಕಾರದಿಂದ ಕಿರುಕುಳ ಅನುಭವಿಸಿದ್ದವನು, ಸಜ್ಜನ. ಷಾನ ಜೊತೆಯಲ್ಲಿ ನಾಟಕಶಾಲೆಯ ಒಳಗೆ ಕುಳಿತಿದ್ದ ಆತನಿಗೆ ಹೊರಗಿನ ಸಮಾಚಾರ ಪೊಲೀಸರ ಬಾಯಿಂದಲೇ ಬರಬೇಕಾಗಿತ್ತು. ಅದನ್ನು ನಂಬಿ ಆ ರಾತ್ರಿಯೇ ಹೇಳಿಕೆ ಕೊಟ್ಟ: ನಗರದ ತಾಳ್ಮೆ ಮುಗಿದಿದೆ, ಸಾವಿನ ಹೊಣೆ ಪ್ರದರ್ಶಕರದು ಎಂದು. ಪ್ರದರ್ಶನಗಳನ್ನು ನಿಷೇಧಿಸಲಾಯಿತು. ಆದರೆ ವಿದ್ಯಾರ್ಥಿಗಳು ಕೈಕಟ್ಟಿ ಕೂರದೆ ಕಂಡವರನ್ನೆಲ್ಲ ಹುಡುಕಿ ಹೇಳಿಕೆಗಳನ್ನು ಬರೆದುಕೊಂಡರು. ಹ್ಯಾಂಬರ್ಗಿನ ಕೆಲವು ವಾರಪತ್ರಿಕೆಗಳು ಬೇರೆಯದೇ ವೃತ್ತಾಂತವನ್ನು ಅಚ್ಚಿಸಿದುವು. ನಗರದ ವಿಧಾನಸಭೆ ವಿಚಾರಣಾ ಸಮಿತಿಯನ್ನು ನೇಮಿಸಿತು. ನಿಜ ಹನಿಹನಿಯಾಗಿ ಹೊರಬಿದ್ದಂತೆ ಆಲ್ಬರ್ಟ್ಸ್ ತನ್ನ ತಪ್ಪನ್ನು ಕಂಡುಕೊಂಡ. ಸೆಪ್ಟೆಂಬರಿನಲ್ಲಿ ಪದವಿಯನ್ನು ಬಿಟ್ಟ. ತಾನು ಅತ್ಯಂತ ಕಠಿಣನಾಗಿದ್ದ ಆ ರಾತ್ರಿಯೇ ತಾನು ಅತ್ಯಂತ ದುರ್ಬಲನಾಗಿದ್ದೆ ಎಂಬ ಅರ್ಥದ ಮಾತನ್ನು ಸಭೆಯಲ್ಲಿ ಎಲ್ಲರೆದುರಿಗೆ ಆಡಿದ. ಅಧಿಕಾರದಲ್ಲಿದ್ದವರ ಬಾಯಲ್ಲಿ ಇಂಥ ಮಾತು ಎಷ್ಟು ಅಪರೂಪವೆಂಬುದನ್ನು ನಾವು ಬಲ್ಲೆವು.

ನ್ಯಾಯಾಲಯದಲ್ಲಿ ಮಾತ್ರ ಬೇರೆ ಗತಿ. ಚೂರಿ ಹಿಡಿದವರು ಮುತ್ತಿದ್ದರಿಂದ ಆತ್ಮರಕ್ಷಣೆಗಾಗಿ ಪಿಸ್ತೂಲು ತೆಗೆದೆನೆಂದು ಕುರ್ರಾಸ್ ವಾದಿಸಿದ. ಗುಂಡು ಹೊಕ್ಕ ತೂತಿದ್ದ ತಲೆಬುರುಡೆಯ ತುಂಡು ಎಲ್ಲಿಯೋ ಕಾಣೆಯಾಗಿತ್ತು. ೧೯೬೭ರ ನವೆಂಬರಿನಲ್ಲಿ ಅವನ ಖುಲಾಸೆಯಾಯಿತು. ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ ಮರುವಿಚಾರಣೆಗೆ ಆಜ್ಞೆ ಮಾಡಿದರೂ ೧೯೭೦ರಲ್ಲಿ ಮತ್ತೆ ಖುಲಾಸೆಯೇ ಆಯಿತು. ಅದೇ ರಾತ್ರಿ ಕಲ್ಲೆಸೆದನೆಂಬ ಆರೋಪದ ಮೇಲೆ ಹಿಡಿದ ಫ್ರಿಟ್ಸ್ ಟೊಯ್ಫೆಲ್ ಎಂಬ ತರುಣ ತಿಂಗಳುಗಟ್ಟಲೆ ಸೆರೆಯಲ್ಲಿದ್ದು ಕೊನೆಗೆ ನಿರ್ದೋಷಿಯೆಂದು ಹೊರಬಂದ.

ಓನೆಸೋರ್ಗನ ಶವವನ್ನು ಅವನ ಹುಟ್ಟೂರಾದ ಹ್ಯಾನೋವರಿಗೆ ಒಯ್ಯಬೇಕಾದರೆ ಪೂರ್ವ ಜರ್ಮನಿಯ ನೆಲವನ್ನು ದಾಟಬೇಕಾಗಿತ್ತು. ಎಂದೂ ಸುಮ್ಮನೆ ಬಿಡದ ಪೂರ್ವದ ಗಡಿ ಕಾವಲಿನವರು ಅಂದು ತಪಾಸಣೆಯಿಲ್ಲದೆ ವಾಹನಗಳ ಸಾಲನ್ನು ಬಿಟ್ಟರು. ದಾರಿಯ ಬದಿಗೆ ಪಕ್ಷದ ತರುಣ ಸಂಘದವರನ್ನು ಗೌರವಕ್ಕಾಗಿ ನಿಲ್ಲಿಸಿದರು. ಪೂರ್ವದ ಪತ್ರಿಕೆಗಳಲ್ಲಿ ಪಶ್ಚಿಮದ ಪೊಲೀಸರ ಕ್ರೌರ್ಯವನ್ನು ಕುರಿತ ಧರ್ಮೋಪದೇಶ ತುಂಬಿ ಹರಿಯಿತು. ಗೋಡೆ ಹಾರಿದವನನ್ನು ಗುಂಡಿಟ್ಟು ಕೊಲ್ಲುತ್ತಿದ್ದ ರಾಜ್ಯ ಅದು. ಮರುವರ್ಷ ಆಗಸ್ಟಿನಲ್ಲಿ ಪ್ರಾಗ್ ನಗರಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ಅದನ್ನು ಪ್ರತಿಭಟಿಸಿದ ತನ್ನದೇ ತರುಣರನ್ನು ಅದು ಸೆರೆಮನೆಗೆ ಕಳಿಸಿತು. ಪರರ ಮನೆಯ ಹೆಣದ ಮೇಲೆ ಸುರಿಸುವ ಕಣ್ಣೀರಿಗೆ ಖರ್ಚು ಕಡಿಮೆ.

ಇಲ್ಲಿಯವರೆಗಿನ ಕತೆಯಲ್ಲಿ ಪೆಟ್ಟು ತಿಂದವರು ವಿದ್ಯಾರ್ಥಿಗಳು. ಆದರೆ ಅವರ ಕೈ, ಬಾಯಿಗಳೂ ಹಾಗೆಯೇ ಶುದ್ಧವಾಗಿ ಉಳಿಯಲಿಲ್ಲ. ‘ಬಿಲ್ಡ್’ ಅವರನ್ನು ಹಿಟ್ಲರನ ಕಂದು ಅಂಗಿಯ ಪುಂಡರಿಗೆ ಹೋಲಿಸಿದರೆ, ಅವರು ಪೊಲೀಸರನ್ನೂ ಸರ್ಕಾರವನ್ನೂ ಫ್ಯಾಸಿಸ್ಟರೆಂದು ಕರೆದರು. ಒಂದೇ ಹಳೆಯ ಪಾಪದ ಹೆಸರನ್ನು ಇಬ್ಬರೂ ಒಬ್ಬರ ಮೇಲೊಬ್ಬರು ಎಸೆದಾಡಿದರು. ಓನೆಸೋರ್ಗನ ಅಂತ್ಯಕ್ರಿಯೆಯ ದಿನ ಹ್ಯಾನೋವರಿನಲ್ಲಿ ಸೇರಿದ ಸಭೆಯಲ್ಲಿಯೇ ತತ್ತ್ವಜ್ಞ ಯೂರ್ಗನ್ ಹಾಬರ್ಮಾಸ್, ವಿದ್ಯಾರ್ಥಿಗಳ ಪರವಾಗಿದ್ದವನಾದರೂ, ಅವರ ಮುಂದಾಳು ರೂಡಿ ಡುಚ್ಕೆಯ ಮಾತಿನಲ್ಲಿ ಎಡಪಂಥದ ಫ್ಯಾಸಿಸಂ ಇಣುಕುತ್ತಿದೆ ಎಂದು ಎಚ್ಚರಿಸಿದ. ಸ್ಪ್ರಿಂಗರನ ಆಸ್ತಿಯನ್ನು ಕಿತ್ತುಕೊಳ್ಳಿರಿ ಎಂಬುದು ವಿದ್ಯಾರ್ಥಿಗಳ ಘೋಷಣೆಯಾಯಿತು. ೧೯೬೮ರ ಫೆಬ್ರವರಿ ಮೊದಲಲ್ಲಿ ಪೆಟ್ರೋಲು ಬಾಂಬು ತಯಾರಿಸುವುದು ಹೇಗೆಂಬ ಒಂದು ಚಿಕ್ಕ ಚಲನಚಿತ್ರವನ್ನು ಸಭೆಯೊಂದರಲ್ಲಿ ತೋರಿಸಲಾಯಿತು. ಆ ರಾತ್ರಿಯೇ ಸ್ಪ್ರಿಂಗರನ ಪತ್ರಿಕೆಗಳ ಶಾಖೆಗಳ ಕಿಟಕಿ ಗಾಜುಗಳು ಪುಡಿಯಾದುವು. ವಾರ ಕಳೆಯುವುದರೊಳಗೆ ‘ಬಿಲ್ಡ್’, ಎಳೆಯ ಕೆಂಪರ ಹಾವಳಿಯನ್ನು ಈಗಲೇ ತಡೆಯಬೇಕೆಂದೂ ಕೊಳಕು ಕೆಲಸವನ್ನೆಲ್ಲ ಪೊಲೀಸರಿಗೇ ಬಿಡಬಾರದೆಂದೂ ಬರೆಯಿತು. ಪೊಲೀಸರಲ್ಲದವರು ಯಾರು, ಅವರು ಮಾಡಬೇಕಾದ ಕೆಲಸ ಯಾವುದು ಎಂಬುದನ್ನು ಓದುಗರ ಊಹೆಗೇ ಬಿಟ್ಟಿತು.

ಊಹಿಸುವವರಿಗೆ ಕೊರತೆಯಿರಲಿಲ್ಲ. ಅದೇ ತಿಂಗಳು ೨೧ರಂದು ನಗರಾಡಳಿತವೇ ಕರೆದ ಪ್ರತಿಸಭೆಗೆ ಹತ್ತಾರು ಸಾವಿರ ಜನ ಬಂದರು. ಡುಚ್ಕೆ ಜನತೆಯ ಮೊದಲನೆಯ ಶತ್ರು ಎಂಬ ಫಲಕ ಅಲ್ಲಿ ಎದ್ದಿತ್ತು. ಅವನನ್ನು ಹೋಲುತ್ತಿದ್ದ ಒಬ್ಬ ಪಾಪದ ನೌಕರನನ್ನು ಜನ ಅಟ್ಟಿಸಿಕೊಂಡು ಹೋದರು. ಪೊಲೀಸರ ವಾಹನದೊಳಗೆ ಸೇರಿ ಅವನು ಜೀವ ಉಳಿಸಿಕೊಂಡ.

ಏಪ್ರಿಲ್ ೧೧, ಗುಡ್ ಫ್ರೈಡೆಯ ಹಿಂದಿನ ದಿನ. ಕುರ್ಫ್ಯೂರ್ಸ್ಟೆನ್‌ಡಾಮ್ ಬೀದಿಯಲ್ಲಿ ಸೈಕಲ್ಲಿನೊಡನೆ ನಿಂತಿದ್ದ ಡುಚ್ಕೆಯ ಮೇಲೆ ಯೋಸೆಫ್ ಬಾಖ್‌ಮನ್ ಎಂಬ ಇಪ್ಪತ್ಮೂರು ವರ್ಷದ ಕೂಲಿಗಾರ ಮೂರು ಗುಂಡು ಹಾರಿಸಿದ. ಒಡೆದ ದೇಶದ ವಿಪರ್ಯಾಸವನ್ನು ನೋಡಿ: ಹೊಡೆದವನೂ ಹೊಡೆಸಿಕೊಂಡವನೂ ಇಬ್ಬರೂ ಪೂರ್ವ ಜರ್ಮನಿಯಿಂದ ಪಶ್ಚಿಮಕ್ಕೆ ಬಂದವರು. ಡುಚ್ಕೆಯಂತೂ ಗೋಡೆ ಏಳುವುದಕ್ಕೆ ಕೆಲವೇ ದಿನ ಮೊದಲು ದಾಟಿ ಬಂದಿದ್ದ. ಪೂರ್ವದ ಕೈಗೊಂಬೆಯೆಂದು ಪತ್ರಿಕೆಗಳು ಕರೆದದ್ದು ಪೂರ್ವವನ್ನು ಬಿಟ್ಟು ಬಂದ ಇವನನ್ನು. ತಲೆಗೆ ಗುಂಡು ತಗುಲಿದರೂ ಅವನು ಬದುಕಿದ. ಮಾತನ್ನು ಮಗುವಿನಂತೆ ಮತ್ತೆ ಕಲಿಯಬೇಕಾಯಿತು.

‘ಬಿಲ್ಡ್’ ಕೂಡ ಗುಂಡು ಹಾರಿಸಿದೆ ಎಂಬುದು ಆ ರಾತ್ರಿಯ ಕೂಗು. ಚರಿತ್ರಕಾರ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಾಖ್‌ಮನ್ನನ ಬಳಿ ಸಿಕ್ಕ ಪತ್ರಿಕೆಯ ತುಣುಕು ‘ಬಿಲ್ಡ್’ನದಲ್ಲ; ಡುಚ್ಕೆಯನ್ನು ತಡೆಯಿರಿ ಎಂಬ ತಲೆಬರಹದಡಿಯಲ್ಲಿ ಅವನ ಚಿತ್ರಗಳನ್ನು ಅಪರಾಧಿಯ ಚಿತ್ರಗಳಂತೆ ಜೋಡಿಸಿದ್ದ ಒಂದು ಉಗ್ರ ಬಲಪಂಥದ ವಾರಪತ್ರಿಕೆಯದು. ಬಾಖ್‌ಮನ್ನನಿಗೆ ನವ ನಾಜಿಗಳ ಸಹವಾಸವಿದ್ದಿತೆಂಬುದು ಬಹುಕಾಲದ ಮೇಲೆ ಬೆಳಕಿಗೆ ಬಂತು. ಹಾಗೆಂದು ದೊಡ್ಡ ಪತ್ರಿಕೆಗಳು ಪೂರ್ತಿ ಪಾರಾದುವು ಎನ್ನಲಾದೀತೆ? ಸಣ್ಣ ಪತ್ರಿಕೆ ವಿಷ ಕಕ್ಕಿದಾಗ ಅದು ವಿಷವೆಂದು ತೋರದಂತೆ ಊರಿನ ನೀರಿನ ರುಚಿಯನ್ನೇ ಮೊದಲು ಬದಲಾಯಿಸಿದವರು ದೊಡ್ಡವರು. ಇಷ್ಟನ್ನು ಹೇಳಬಹುದು, ಇದಕ್ಕಿಂತ ಹೆಚ್ಚು ಹೇಳಿದರೆ ನಾವೂ ‘ಬಿಲ್ಡ್’ನ ವ್ಯಾಕರಣವನ್ನೇ ಬಳಸಿದಂತಾಗುತ್ತದೆ.

ಆ ರಾತ್ರಿ ಸಾವಿರಾರು ಜನ ಗೋಡೆಯ ಪಕ್ಕದ ಅಚ್ಚುಕೂಟಕ್ಕೆ ಮುತ್ತಿಗೆ ಹಾಕಿದರು. ಪತ್ರಿಕೆ ಸಾಗಿಸುವ ವಾಹನಗಳು ಹತ್ತಿ ಉರಿದುವು. ಪೆಟ್ರೋಲು ಬಾಂಬುಗಳನ್ನು ಬುಟ್ಟಿಯಲ್ಲಿ ತಂದು ಹಂಚಿದವನು ಪೀಟರ್ ಊರ್ಬಾಖ್. ವಿದ್ಯಾರ್ಥಿಗಳ ಸ್ನೇಹಿತನಂತೆ ಓಡಾಡುತ್ತಿದ್ದ ಅವನು ನಗರದ ಗುಪ್ತಚಾರ ಇಲಾಖೆಯ ಮನುಷ್ಯನೆಂಬುದು ಆಮೇಲೆ ತಿಳಿಯಿತು. ಬೆಂಕಿಯ ಚಿತ್ರಗಳು ಮರುದಿನ ಎಲ್ಲ ಪತ್ರಿಕೆಗಳಲ್ಲಿಯೂ ಬಂದುವು. ಬೆಂಕಿಯ ಬುಟ್ಟಿ ಎಲ್ಲಿಂದ ಬಂತೆಂಬುದು ಯಾವುದರಲ್ಲಿಯೂ ಬರಲಿಲ್ಲ. ಈಸ್ಟರ್ ಹಬ್ಬದ ದಿನಗಳಲ್ಲಿ ಗಲಭೆ ಇತರ ನಗರಗಳಿಗೂ ಹಬ್ಬಿತು. ಮ್ಯೂನಿಕ್ಕಿನಲ್ಲಿ ಸುದ್ದಿಸಂಸ್ಥೆಯೊಂದರ ಛಾಯಾಗ್ರಾಹಕ ಕ್ಲಾವುಸ್ ಫ್ರಿಂಗ್ಸ್ ಮತ್ತು ರ‍್ಯೂಡಿಗರ್ ಶ್ರೆಕ್ ಎಂಬ ವಿದ್ಯಾರ್ಥಿ ತಲೆಗೆ ಪೆಟ್ಟು ಬಿದ್ದು ಸತ್ತರು. ಪತ್ರಿಕೆಯ ಪಕ್ಷಪಾತದ ವಿರುದ್ಧ ಎದ್ದ ಗುಂಪಿನ ನಡುವೆ, ಪತ್ರಿಕೆಗಾಗಿ ಚಿತ್ರ ತೆಗೆಯಲು ಬಂದವನೊಬ್ಬ ಕಲ್ಲೇಟಿಗೆ ಸಿಕ್ಕಿ ಸತ್ತ. ಆ ಕಲ್ಲಿನ ಹಿಂದಿನ ಕೈ ಯಾರದೆಂದು ತೀರ್ಮಾನವಾಗಲಿಲ್ಲ. ಈ ಸಲ ತಮ್ಮ ವಾಕ್ಯದಿಂದ ಕರ್ತೃವನ್ನು ಬಿಡುವ ಸರದಿ ಪ್ರದರ್ಶಕರದಾಯಿತು.

ಆ ಈಸ್ಟರ್ ದಿನ ದೇಶಕ್ಕೆ ಬೇಕಾಗಿದ್ದ ಮಾತನ್ನು ಆಡಿದವನು ನ್ಯಾಯ ಮಂತ್ರಿ ಗುಸ್ಟಾಫ್ ಹೈನೆಮನ್. ಇತರರ ಕಡೆಗೆ ಒಂದು ಬೆರಳನ್ನು ಚಾಚಿದರೆ ಅದೇ ಕೈಯ ಮೂರು ಬೆರಳುಗಳು ನಮ್ಮ ಕಡೆಗೇ ತಿರುಗಿರುತ್ತವೆ ಎಂದು ಆತ ಜನರಿಗೆ ನೆನಪಿಸಿದ. ನಮ್ಮ ಹಿರಿಯರ ಬಾಯಲ್ಲಿಯೂ ಕೇಳಿರುವ ಮಾತು ಇದು. ಮಂತ್ರಿಯಾದವನು ಗಲಭೆಯ ನಡುವೆ, ಗಲಭೆ ಮಾಡಿದವರನ್ನು ಬಿಡದೆ, ತನ್ನ ಪಕ್ಕದವರನ್ನೂ ಬಿಡದೆ ಇದನ್ನು ಹೇಳಿದ್ದು ಅದರ ಹೆಚ್ಚಳ. ಮರುವರ್ಷ ಆತ ದೇಶದ ಅಧ್ಯಕ್ಷನಾದ.

ಆದರೆ ಆ ಮಾತು ಎಲ್ಲರ ಕಿವಿಗೂ ಬೀಳಲಿಲ್ಲ. ಕೆಲವರು ಬಂದೂಕಿನ ದಾರಿ ಹಿಡಿದರು. ಪತ್ರಕರ್ತೆಯಾಗಿದ್ದ ಉಲ್ರಿಕೆ ಮೈನ್‌ಹೋಫ್ ಲೇಖನಿಯನ್ನು ಬಿಟ್ಟು ಉಗ್ರರ ತಂಡದ ನಾಯಕಿಯಾದಳು. ೧೯೭೨ರ ಮೇ ತಿಂಗಳಲ್ಲಿ ಆ ತಂಡ ಹ್ಯಾಂಬರ್ಗಿನ ಸ್ಪ್ರಿಂಗರ್ ಕಟ್ಟಡದಲ್ಲಿ ಬಾಂಬಿಟ್ಟಾಗ ಗಾಯಗೊಂಡವನು ಸ್ಪ್ರಿಂಗರನಲ್ಲ. ಅಲ್ಲಿ ದುಡಿಯುತ್ತಿದ್ದ ಕೆಲಸಗಾರರು. ಮತ್ತೊಂದು ತಂಡ ‘ಜೂನ್ ೨’ ಎಂದೇ ಹೆಸರಿಟ್ಟುಕೊಂಡಿತು. ೧೯೭೫ರಲ್ಲಿ ಅದು ಬರ್ಲಿನ್ನಿನ ರಾಜಕಾರಣಿಯೊಬ್ಬನನ್ನು ಅಪಹರಿಸಿ ತನ್ನವರ ಬಿಡುಗಡೆಯನ್ನು ಕೇಳಿದಾಗ, ಬಿಡುಗಡೆಯಾದವರ ಜೊತೆಯಲ್ಲಿ ವಿಮಾನದಲ್ಲಿ ಬರಲು ಅದು ಕರೆದದ್ದು ಬೇರೆ ಯಾರನ್ನೂ ಅಲ್ಲ, ಮಾಜಿ ಮೇಯರ್ ಆಲ್ಬರ್ಟ್ಸನನ್ನು. ವೃದ್ಧ ಪಾದ್ರಿ ಹೋಗಿಬಂದ. ತಪ್ಪನ್ನು ಒಪ್ಪಿಕೊಂಡವನ ಮಾತನ್ನು ಮಾತ್ರ ಎದುರು ಪಕ್ಷ ನಂಬುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಇನ್ನು ಸಾಹಿತ್ಯದಲ್ಲಿ, ನೊಬೆಲ್ ಬಹುಮಾನ ಪಡೆದಿದ್ದ ಹೈನ್ರಿಶ್ ಬ್ಯೋಲ್ ೧೯೭೪ರಲ್ಲಿ ಒಬ್ಬ ಸಾಮಾನ್ಯ ಹೆಂಗಸಿನ ಮಾನವನ್ನು ಪತ್ರಿಕೆಯೊಂದು ಕೊಂಚಕೊಂಚವಾಗಿ ತಿಂದುಹಾಕುವ ಕತೆಯನ್ನು ಬರೆದ. ಆ ಪತ್ರಿಕೆ ಯಾವುದೆಂದು ಜರ್ಮನರಿಗೆ ಹೇಳಬೇಕಾಗಿರಲಿಲ್ಲ.

೧೯೮೯ರಲ್ಲಿ ಗೋಡೆ ಬಿತ್ತು. ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಕಡತಗಳು ಸಂಶೋಧಕರ ಕೈಗೆ ಬಂದುವು. ೨೦೦೯ರ ಮೇ ತಿಂಗಳಲ್ಲಿ ಅವುಗಳಿಂದ ಒಂದು ಹೆಸರು ಹೊರಬಿತ್ತು: ಕಾರ್ಲ್-ಹೈನ್ಸ್ ಕುರ್ರಾಸ್. ಓನೆಸೋರ್ಗನನ್ನು ಕೊಂದ ಆ ಪಶ್ಚಿಮದ ಪೊಲೀಸ್ ಅಧಿಕಾರಿ ೧೯೫೫ರಿಂದಲೂ ಪೂರ್ವದ ಗೂಢಚಾರನಾಗಿದ್ದ. ೧೯೬೪ರಿಂದ ಅಲ್ಲಿನ ಆಳುವ ಪಕ್ಷದ ಸದಸ್ಯನೂ ಆಗಿದ್ದ. ಗುಂಡು ಹಾರಿಸುವಂತೆ ಪೂರ್ವದವರು ಆಜ್ಞೆ ಮಾಡಿದ್ದರೆಂಬುದಕ್ಕೆ ಕಡತಗಳಲ್ಲಿ ಆಧಾರ ಸಿಕ್ಕಲಿಲ್ಲ. ಘಟನೆಯ ಬಳಿಕ ಅವರೂ ಗಾಬರಿಯಾಗಿ ಅವನ ಸಂಪರ್ಕವನ್ನು ಕಡಿದುಕೊಂಡಂತೆ ಕಾಣುತ್ತದೆ.

ಈ ಒಂದು ಸಂಗತಿಯ ಮುಂದೆ ಎರಡು ಪಾಳೆಯಗಳ ಕತೆಗಳನ್ನೂ ಇಟ್ಟು ನೋಡಬೇಕು. ಗಲಭೆಯ ಹಿಂದೆ ಪೂರ್ವದ ಕೈವಾಡವಿದೆ ಎಂದು ಸ್ಪ್ರಿಂಗರನ ಪತ್ರಿಕೆಗಳು ವಿದ್ಯಾರ್ಥಿಗಳ ಜೇಬನ್ನು ತಡಕುತ್ತಿದ್ದುವು. ಪೂರ್ವದ ಸದಸ್ಯಪತ್ರ ಇದ್ದದ್ದು ಅವು ಕಾಪಾಡುತ್ತಿದ್ದ ಪೊಲೀಸನ ಹೆಸರಿನಲ್ಲಿ. ಪಶ್ಚಿಮದ ಸರ್ಕಾರದ ಫ್ಯಾಸಿಸ್ಟ್ ಮುಖವೇ ಕುರ್ರಾಸ್ ಎಂದು ವಿದ್ಯಾರ್ಥಿಗಳು ನಂಬಿದ್ದರು. ಆ ಮುಖ ಕಮ್ಯೂನಿಸ್ಟ್ ಪಕ್ಷದವನದಾಗಿತ್ತು. ಓನೆಸೋರ್ಗನಿಗಾಗಿ ಅತ್ತ ಪೂರ್ವದ ಪತ್ರಿಕೆಗಳ ಹಿಂದಿನ ಸರ್ಕಾರ, ಕೊಂದವನು ತನ್ನವನೆಂಬುದನ್ನು ಬಲ್ಲುದಾಗಿದ್ದು ಬಾಯಿ ಮುಚ್ಚಿಕೊಂಡಿತ್ತು. ಹಾಗೆಂದು ಪಶ್ಚಿಮದ ಪೊಲೀಸರ ಲಾಠಿ, ಅವರು ಸಾರಿದ ಸುಳ್ಳು, ನ್ಯಾಯಾಲಯದ ಖುಲಾಸೆ ಇವು ಯಾವುವೂ ಅಳಿಸಿಹೋಗುವುದಿಲ್ಲ. ಅವೆಲ್ಲ ಪಶ್ಚಿಮದವೇ. ಆದರೆ ಸತ್ಯ ಯಾರೊಬ್ಬರ ಕತೆಗೂ ಅಳತೆಯಾಗಿ ಹೊಂದಲಿಲ್ಲ. ತಮ್ಮ ತಮ್ಮ ಕತೆಗೆ ಹೊಂದಿದ್ದನ್ನು ಮಾತ್ರ ನಂಬಿ ಎರಡು ಪಕ್ಷದವರೂ ಹನ್ನೆರಡು ತಿಂಗಳೊಳಗೆ ಕಲ್ಲು, ಬೆಂಕಿ, ಗುಂಡುಗಳವರೆಗೆ ಹೋಗಿದ್ದರು. ಕುರ್ರಾಸ್ ೨೦೧೪ರಲ್ಲಿ, ಶಿಕ್ಷೆಯನ್ನು ಕಾಣದೆ, ಮುಪ್ಪಿನಲ್ಲಿ ಸತ್ತ.

ಡುಚ್ಕೆ ಸೆರೆಮನೆಯಲ್ಲಿದ್ದ ಬಾಖ್‌ಮನ್ನನಿಗೆ ಕಾಗದ ಬರೆದು, ನಿನ್ನ ಮೇಲೆ ನನಗೆ ದ್ವೇಷವಿಲ್ಲ ಎಂದು ತಿಳಿಸಿದ್ದ. ಬಾಖ್‌ಮನ್ ೧೯೭೦ರಲ್ಲಿ ಸೆರೆಮನೆಯಲ್ಲಿಯೇ ಆತ್ಮಹತ್ಯೆ ಮಾಡಿಕೊಂಡ. ಡುಚ್ಕೆ ೧೯೭೯ರ ಕ್ರಿಸ್‌ಮಸ್ಸಿನ ಮುನ್ನಾದಿನ ಡೆನ್ಮಾರ್ಕಿನಲ್ಲಿ, ಹಳೆಯ ಗಾಯದಿಂದ ಬಂದ ಮೂರ್ಛೆರೋಗಕ್ಕೆ ಸಿಕ್ಕಿ, ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತ. ದೊಡ್ಡಕ್ಷರದ ತಲೆಬರಹಗಳು ಎಂದೋ ಹಳೆಯ ಕಾಗದದ ಅಂಗಡಿಗೆ ಹೋಗಿದ್ದುವು. ಆ ಗುಂಡು ಹನ್ನೊಂದು ವರ್ಷ ಕೆಲಸ ಮಾಡುತ್ತಲೇ ಇತ್ತು.

೨೦೧೦ರಲ್ಲಿ ಸ್ಪ್ರಿಂಗರ್ ಸಂಸ್ಥೆ ಆ ಕಾಲದ ತನ್ನ ಸಾವಿರಾರು ಲೇಖನಗಳನ್ನು ಯಾರು ಬೇಕಾದರೂ ಓದಿಕೊಳ್ಳಲೆಂದು ತೆರೆದಿಟ್ಟಿತು. ಅದಕ್ಕೆ ಎರಡು ವರ್ಷ ಮೊದಲು, ಬಹಳ ವಾಗ್ವಾದದ ನಂತರ, ಕೋಖ್ ಬೀದಿಯ ಒಂದು ಭಾಗಕ್ಕೆ ರೂಡಿ ಡುಚ್ಕೆಯ ಹೆಸರಿಟ್ಟರು. ಅಲ್ಲಿಯೇ ಆಕ್ಸೆಲ್ ಸ್ಪ್ರಿಂಗರನ ಹೆಸರಿನ ಇನ್ನೊಂದು ಬೀದಿಯೂ ಇದೆ. ಬದುಕಿದ್ದಾಗ ಒಂದೇ ಊರಿನಲ್ಲಿ ಇರಲಾರದೆ ಹೋದ ಎರಡು ಹೆಸರುಗಳು ಈಗ ಆ ಮೂಲೆಯಲ್ಲಿ ಕೂಡುತ್ತವೆ. ಗೋಡೆ ಇದ್ದ ಜಾಗದಲ್ಲಿ ಜನ ಅಡ್ಡಾಡುತ್ತಾರೆ.

ಗೋಡೆ ಬೀಳುವುದಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು, ನಿಜ ಹೊರಬೀಳುವುದಕ್ಕೆ ನಲವತ್ತೆರಡು. ಅಷ್ಟು ಕಾಲ ಕಾಯುವ ಪುರುಸೊತ್ತು ಬೆಳಗಿನ ಪತ್ರಿಕೆ ಓದುವವನಿಗೆ ಇಲ್ಲ. ಅವನ ಕೈಲಾದದ್ದು ಒಂದು ಸಣ್ಣ ಕೆಲಸ. ಗಲಭೆಯ ಸುದ್ದಿ ಓದುವಾಗ ಪ್ರತಿಯೊಂದು ವಾಕ್ಯದಲ್ಲಿಯೂ ಕರ್ತೃ ಇದ್ದಾನೆಯೇ ಎಂದು ನೋಡುವುದು. ಇಲ್ಲದಿದ್ದರೆ, ಆ ವಾಕ್ಯ ತನ್ನ ಪಕ್ಷಕ್ಕೆ ಎಷ್ಟೇ ಹಿತವಾಗಿದ್ದರೂ, ಅದನ್ನು ಅಪೂರ್ಣವೆಂದು ಬದಿಗಿಟ್ಟು ನಾಳೆಯವರೆಗೆ ಕಾಯುವುದು.